ಮಾಸ್ಟರು ಬಳ್ಳಿ ಬರೆದ ಗೋಡೆ

ಮಾಸ್ಟರು ನನ್ನ ಅಂಗಡಿಯ ಕೌಂಟರಿನ ಮೇಲೆ ಎರಡೂ ಕೈ ಚಾಚಿ, ಬೆರಳು ಬಿಡಿಸಿ ನಿಂತಾಗ ನಾನು ಕೋಟಿನ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದೆ. ಉಂಗುರದ ಅಳತೆ ಕೊಡಲು ಬಂದವರ ಹಾಗೆ ಕಾಣುತ್ತಿದ್ದರು.

“ನೋಡಿ ಸಾವ್ಕಾರ್ರೇ, ನಡುಗ್ತಿದೆಯಾ?”

“ಏನು?”

“ಕೈ. ಸರಿಯಾಗಿ ನೋಡಿ ಹೇಳಿ. ನನ್ನ ಮುಖ ನೋಡ್ಬೇಡಿ, ಕೈ ನೋಡಿ.”

ನೋಡಿದೆ. ಕಲ್ಲಿನಲ್ಲಿ ಕಡೆದಿಟ್ಟ ಹಾಗೆ ನಿಂತಿತ್ತು. ನಡುಗುತ್ತಿದ್ದುದು ದನಿ.

“ಕೈ ಚೆನ್ನಾಗೇ ಇದೆ. ಮನೇಲಿ ಏನಾದ್ರೂ ಅಂದ್ರಾ?” ಎಂದೆ.

ಮಾಸ್ಟರು ನಗಲಿಲ್ಲ. ನನ್ನ ಹಳಸಲು ಜೋಕುಗಳಿಗೂ ನಗುವ ಸಜ್ಜನ ಅವರು. ನಗಲಿಲ್ಲವೆಂದರೆ ವಿಷಯ ಗಟ್ಟಿಯೇ ಎಂದು ಗುಂಡಿಗಳನ್ನು ಪಕ್ಕಕ್ಕೆ ಸರಿಸಿದೆ.

ಮಾಸ್ಟರು ಎಂದರೆ ಶಾಲೆಯ ಮೇಷ್ಟ್ರಲ್ಲ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರು. ಹೊಲಿಯುವವರು ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕತ್ತರಿಸುವವನು ತಪ್ಪಿದರೆ ಕೋಟು ಕರವಸ್ತ್ರವಾಗುತ್ತದೆ. ಬಟ್ಟೆಯನ್ನು ಪದರ ಪದರವಾಗಿ ಮೇಜಿನ ಮೇಲೆ ಹಾಸಿ, ಎಲ್ಲವನ್ನೂ ಒಂದೇ ಸಲಕ್ಕೆ ಕತ್ತರಿಸುವ ಕೆಲಸ ಅದು. ಕೈ ಒಂದಿಷ್ಟು ಓಡಿತೆಂದರೆ ಇಡೀ ಶಾಲೆಯ ಹುಡುಗರಿಗೆ ಎಡಗಾಲು ಗಿಡ್ಡವಾದ ಪ್ಯಾಂಟು. ಮಾಸ್ಟರ ಕೈ ಓಡಿದ್ದನ್ನು ಯಾರೂ ಕಂಡವರಿಲ್ಲ. ಅವರು ಪತ್ರಿಕೆ ಮಡಚಿದರೂ ಅಂಚಿಗೆ ಅಂಚು ಕೂರಬೇಕು. ನನ್ನ ಅಂಗಡಿಯಲ್ಲಿ ದಾರದ ಉಂಡೆಗಳ ಸಾಲು ಸೊಟ್ಟಗಿದ್ದರೆ ಮಾತಾಡುತ್ತಲೇ ನೆಟ್ಟಗೆ ಮಾಡುತ್ತಿದ್ದರು. ಸಂಬಳ ಕೊಡದೆ ನನಗೆ ಸಿಕ್ಕಿದ ಏಕೈಕ ಕೆಲಸಗಾರ.

ಅವರ ತಂದೆಯೂ ಅದೇ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರಾಗಿದ್ದವರು. ಮಾಸ್ಟರ ಈಗಿನ ವಯಸ್ಸಿಗೇ ಅವರ ಕೈ ನಡುಗತೊಡಗಿತು. ಮೊದಲು ಚಹಾದ ಲೋಟ, ಆಮೇಲೆ ಗುರುತು ಹಾಕುವ ಸೀಮೆಸುಣ್ಣ, ಕೊನೆಗೆ ಕತ್ತರಿ. ಮಾಲೀಕರು ಕೆಟ್ಟವರಲ್ಲ, ಹೊರಗೆ ಹಾಕಲಿಲ್ಲ. ಹೊಲಿದ ಶರಟಿಗೆ ಗುಂಡಿ ಇದೆಯೇ ಇಲ್ಲವೇ ಎಂದು ನೋಡಿ ಮಡಚಿಡುವ ಮೂಲೆಯಲ್ಲಿ ಕೂರಿಸಿದರು. ಆ ಮೂಲೆಯಲ್ಲಿ ಕೂತ ತಂದೆಯನ್ನು ಮಗ ಕತ್ತರಿಸುವ ಮೇಜಿನಿಂದ ದಿನವೂ ನೋಡಬೇಕಾಯಿತು. ಅಪ್ಪ ತಲೆ ಎತ್ತುತ್ತಿರಲಿಲ್ಲ. ಮಾಸ್ಟರಿಗೆ ಹಾವು, ಕತ್ತಲು, ಮಾಲೀಕರು ಯಾವುದರ ಹೆದರಿಕೆಯೂ ಇರಲಿಲ್ಲ. ಆ ಮೂಲೆಯೊಂದನ್ನು ಬಿಟ್ಟು.

ಅವರಿಗೆ ಬಣ್ಣದ ಹುಚ್ಚು ಹತ್ತಿದ್ದು ನನ್ನಿಂದಲೇ. ಜಿಪ್ ಕಳಿಸುವ ಕಂಪನಿಯವರು ಒಮ್ಮೆ ಮಾಲಿನ ಜೊತೆ ಮಕ್ಕಳ ಬಣ್ಣದ ಡಬ್ಬಿಗಳನ್ನು ಬಿಟ್ಟಿಯಾಗಿ ಕಳಿಸಿದರು. ಜಿಪ್ಪಿಗೂ ಬಣ್ಣಕ್ಕೂ ಏನು ನಂಟೋ ಅವರಿಗೇ ಗೊತ್ತು. ನನ್ನ ಮಕ್ಕಳು ಆ ವಯಸ್ಸು ದಾಟಿದ್ದರು, ಬಿಸಾಡಲು ನನಗೆ ಕೈ ಬರುವುದಿಲ್ಲ. ಮಾಸ್ಟರು ರಿಯಾಯಿತಿ ಕೇಳಿದ ದಿನ, ರಿಯಾಯಿತಿಯ ಬದಲು ಒಂದು ಡಬ್ಬಿ ಕೈಗಿಟ್ಟೆ. ನನ್ನ ವ್ಯಾಪಾರದಲ್ಲಿ ಇಷ್ಟು ಅಗ್ಗವಾಗಿ ಇನ್ಯಾರನ್ನೂ ಸುಖವಾಗಿಟ್ಟಿಲ್ಲ.

ಮುಂದಿನ ಭಾನುವಾರದಿಂದಲೇ ಶುರು. ನಮ್ಮದು ಎದುರುಬದುರು ಮನೆ. ನನ್ನ ಕಟ್ಟಡದ ಕೆಳಗೆ ಅಂಗಡಿ, ಮೇಲೆ ನಾವಿರುವುದು; ಬೀದಿಯ ಆಚೆ ಬದಿಗೆ ಹಳೆಯ ಮನೆಯೊಂದರ ಮಹಡಿಯಲ್ಲಿ ಮಾಸ್ಟರು, ಹೆಂಡತಿ, ತಾಯಿ ಬಾಡಿಗೆಗಿದ್ದರು. ಅವರ ಕೆಳಗೆ ಬಟ್ಟೆ ಇಸ್ತ್ರಿ ಮಾಡುವ ಮುದುಕ. ಬೀದಿಗೆಲ್ಲ ಅವನು ಇಸ್ತ್ರಿ ತಾತ. ಮಾಸ್ಟರು ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು, ಕಾರ್ಖಾನೆಯಲ್ಲಿ ಅಳತೆ ಬರೆದು ಉಳಿದ ಖಾಕಿ ಕಾಗದವನ್ನು ಹಲಗೆಗೆ ಸಿಕ್ಕಿಸಿ ಕೂರುವರು. ಪಕ್ಕದಲ್ಲಿ ಎರಡು ಲೋಟ ನೀರು, ಒಂದು ಕುಂಚ ತೊಳೆಯಲು, ಒಂದು ಕುಡಿಯಲು. ಆಗಾಗ ಅದಲುಬದಲು. ತುಟಿ ನೀಲಿಯಾದ ಮಾಸ್ಟರನ್ನು ನೋಡಿ ನನ್ನ ಹೆಂಡತಿ ಒಮ್ಮೆ ವೈದ್ಯರನ್ನು ಕರೆಸುವುದರಲ್ಲಿದ್ದಳು.

ಅವರು ಬರೆಯುತ್ತಿದ್ದುದು ನನ್ನ ಕಟ್ಟಡವನ್ನು. ನಾನು ಇದರಿಂದ ಉಬ್ಬಿಹೋಗುವ ಮೊದಲೇ, ಕಿಟಕಿಯ ಎದುರಿಗೆ ಬೇರೇನೂ ಇಲ್ಲ ಎಂದು ಅವರೇ ಹೇಳಿಬಿಟ್ಟರು. ಆದರೂ ವಾರಕ್ಕೊಂದು ಹೊಸ ಕಟ್ಟಡ ಕಾಣುತ್ತಿತ್ತು ಅವರಿಗೆ. ಒಂದು ವಾರ ಮೋಡದ ಕೆಳಗೆ ಬೂದಿ ಬಣ್ಣ, ಒಂದು ವಾರ ಬಿಸಿಲಿಗೆ ಬೆಣ್ಣೆಯ ಬಣ್ಣ. ಮೊದಲು ಭಾನುವಾರವೆಂದರೆ ಟಿವಿಯ ಎದುರು ಕೂತು ಲೋಕಕ್ಕೆಲ್ಲ ಬೈಯುತ್ತಿದ್ದ ಮನುಷ್ಯ ಈಗ ಒಂದು ಗೋಡೆಯ ಮೇಲೆ ನೆರಳು ಇಳಿಯುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಸೋಫಾ ಬೇಕೆಂದು ಮನೆಯಲ್ಲಿ ವರ್ಷಗಟ್ಟಲೆ ನಡೆದ ಜಗಳ ತಾನಾಗಿ ನಿಂತಿತು. ಸೋಫಾ ಬಂದರೆ ಸ್ಟೂಲಿಗೆ ಜಾಗವಿಲ್ಲ ಎಂದು ಗಂಡ ಹೆಂಡತಿ ಇಬ್ಬರಿಗೂ ಹೊಳೆಯಿತು.

ಅಂಥ ಮನುಷ್ಯ ಈಗ ನನ್ನ ಕೌಂಟರಿಗೆ ಒರಗಿ ಹೇಳಿದ್ದು ಇಷ್ಟು. ಕಿಟಕಿಯ ಮರದ ಚೌಕಟ್ಟೇ ಅವರಿಗೆ ಸ್ಕೇಲು. ಚೌಕಟ್ಟಿನ ಅಂಚು ನೋಡಿಕೊಂಡು ಕಟ್ಟಡದ ಅಂಚು ಎಳೆಯುವುದು. ಕೆಲವು ವಾರಗಳಿಂದ ಎರಡೂ ಕೂಡಿ ಬರುತ್ತಿಲ್ಲ. ಕಟ್ಟಡ ಒಂದು ಕಡೆಗೆ ವಾಲಿದಂತೆ ಬರುತ್ತಿದೆ. ಅಳಿಸಿ ನೆಟ್ಟಗೆ ಮಾಡುತ್ತಾರೆ. ಮುಂದಿನ ವಾರ ಇನ್ನೂ ಒಂದಿಷ್ಟು ಹೆಚ್ಚು ವಾಲುತ್ತದೆ.

“ಅಪ್ಪನಿಗೂ ಹೀಗೇ ಶುರುವಾಗಿದ್ದು,” ಎಂದರು. “ನೆಟ್ಟಗೆ ಎಳೆದೆ ಅಂದ್ಕೊಳ್ಳೋರು. ನೋಡಿದ್ರೆ ಸೊಟ್ಟ.”

“ಕಾರ್ಖಾನೇಲಿ?”

“ಅಲ್ಲಿ ಇನ್ನೂ ತಪ್ಪಿಲ್ಲ. ಆದ್ರೆ ಕತ್ತರಿ ಹಿಡಿದ್ರೆ ಅಂಗೈ ಬೆವರತ್ತೆ. ಒಂದಕ್ಕೆ ಮೂರು ಸಲ ಅಳೀತೀನಿ. ನಿನ್ನೆ ಮಾಲೀಕರು ಹಿಂದೆ ಬಂದು ನಿಂತು, ‘ಯಾಕೆ ಮಾಸ್ಟ್ರೇ, ಇವತ್ತು ನಿಧಾನ?’ ಅಂದ್ರು. ಆ ಮೂಲೆ ಕಡೆ ನೋಡಿದೆ ಸಾವ್ಕಾರ್ರೇ. ಅಲ್ಲಿ ಕುರ್ಚಿ ಖಾಲಿ ಇತ್ತು.”

ನಾನು ನನ್ನ ಚಾಳಿಯಂತೆ ತಮಾಷೆಗೇ ಇಳಿದೆ. “ಕೈಯದ್ದೇ ತಪ್ಪು ಯಾಕಾಗ್ಬೇಕು? ನನ್ನ ಕಟ್ಟಡವೇ ವಾಲಿರಬಹುದಲ್ಲ.”

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಮಾಸ್ಟರು ನನ್ನನ್ನೇ ನೋಡುತ್ತಿದ್ದರು. ನನ್ನ ತಲೆಯ ಮೇಲೆ ನಾಲ್ಕು ಅಂತಸ್ತು. ಆ ಅಂತಸ್ತುಗಳಲ್ಲಿ ಹೆಂಡತಿ, ಮಕ್ಕಳು, ಲೈನಿಂಗ್ ಬಟ್ಟೆಯ ಥಾನುಗಳು. ಈ ಕ್ರಮದಲ್ಲೇ ನೆನಪಾಯಿತು ಎಂದು ಹೇಳಿಕೊಳ್ಳಲು ನನಗೆ ಸಂತೋಷ.

“ನಾನೂ ಅದನ್ನೇ ಕೇಳೋಣ ಅಂತ ಬಂದೆ,” ಎಂದರು ಮಾಸ್ಟರು ಮೆಲ್ಲಗೆ. “ಒಂದೋ ನನ್ನ ಕೈ, ಇಲ್ಲಾ ನಿಮ್ಮ ಕಟ್ಟಡ. ಹೇಗೆ ಹೇಳೋದು ಅಂತ ವಾರದಿಂದ ನಿದ್ದೆ ಇಲ್ಲ.”

ಅವತ್ತು ಅಂಗಡಿಯ ಬಾಗಿಲು ಅರ್ಧ ಎಳೆದು ಇಬ್ಬರೂ ತಾರಸಿ ಹತ್ತಿದೆವು. ಮೇಸ್ತ್ರಿಗಳು ಗೋಡೆ ಕಟ್ಟುವಾಗ ಗುಂಡು ಇಳಿಬಿಡುತ್ತಾರಲ್ಲ, ಹಾಗೆ ಗಟ್ಟಿ ನೈಲಾನ್ ದಾರಕ್ಕೆ ತಕ್ಕಡಿಯ ಹಿತ್ತಾಳೆ ಬಟ್ಟು ಕಟ್ಟಿ ಗೋಡೆಯ ಮೂಲೆಗುಂಟ ಕೆಳಗೆ ಬಿಟ್ಟೆ. ಮಾಸ್ಟರು ಕೆಳಗೆ ಓಡಿ ಫುಟ್‌ಪಾತಿನಲ್ಲಿ ಮಂಡಿಯೂರಿದರು. ದಾರ ತೂಗಾಡಿತು, ನಿಂತಿತು. ನಾನು ಮೇಲಿನಿಂದ ಬಗ್ಗಿ ನೋಡುತ್ತಿದ್ದೆ.

“ಹೇಳ್ರೀ ಬೇಗ!”

“ಸರಿಯಾಗಿದೆ,” ಎಂದರು ಮಾಸ್ಟರು. “ಕೂದಲಷ್ಟೂ ವ್ಯತ್ಯಾಸ ಇಲ್ಲ.”

ನಾನು ಕುಣಿಯುತ್ತಲೇ ಮೆಟ್ಟಿಲು ಇಳಿದೆ. ಕೆಳಗೆ ಬಂದು ನೋಡಿದರೆ ಮಾಸ್ಟರು ಇನ್ನೂ ಮಂಡಿಯೂರಿಯೇ ಇದ್ದರು. ಕಟ್ಟಡ ನೆಟ್ಟಗಿದ್ದರೆ ಉಳಿದದ್ದು ಒಂದೇ. ನನ್ನ ಸಂತೋಷವನ್ನು ಎಲ್ಲಿಡಬೇಕೋ ತಿಳಿಯದೆ ದಾರ ಸುತ್ತತೊಡಗಿದೆ.

ಶನಿವಾರ ಸಂಜೆ ಮಾಸ್ಟರು ಬಣ್ಣದ ಡಬ್ಬಿ ತಂದು ಕೌಂಟರಿನ ಮೇಲಿಟ್ಟರು. ಒಳಗಿನ ಬಿಲ್ಲೆಗಳೆಲ್ಲ ತೊಳೆದು ಒರೆಸಿ ನೀಟಾಗಿದ್ದವು.

“ಯಾರಾದ್ರೂ ಮಕ್ಕಳಿಗೆ ಕೊಟ್ಬಿಡಿ. ಸೋಮವಾರ ಮಾಲೀಕರ ಹತ್ರ ಹೇಳ್ತೀನಿ. ಅವರಾಗೇ ಕಂಡುಹಿಡಿಯೋಕೆ ಮೊದಲು ನಾನೇ ಕತ್ತರಿ ಇಟ್ಬಿಡ್ತೀನಿ.”

“ಬಿಟ್ಟಿ ಕೊಟ್ಟ ಮಾಲು ವಾಪಸ್ ತಗೊಳ್ಳೋ ಪದ್ಧತಿ ನನ್ನ ಅಂಗಡೀಲಿಲ್ಲ,” ಎಂದೆ. ಕೇಳಿಸಿಕೊಳ್ಳದೆ ಹೊರಟುಹೋದರು. ಬೀದಿ ದಾಟುವಾಗ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು, ಗಾಯವಾದವರ ಹಾಗೆ.

ಭಾನುವಾರ ಬೆಳಿಗ್ಗೆ ಎದುರಿನ ಕಿಟಕಿಯಲ್ಲಿ ಯಾರೂ ಇರಲಿಲ್ಲ. ನನ್ನ ಕಟ್ಟಡವನ್ನು ಯಾರೂ ನೋಡುತ್ತಿಲ್ಲ ಎನ್ನುವುದು ಇಷ್ಟು ಚುಚ್ಚುತ್ತದೆ ಎಂದು ನಾನು ಎಣಿಸಿರಲಿಲ್ಲ. ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಅವರು ಎಲ್ಲಿ ಕೂತು ನೋಡುತ್ತಾರೋ ಅಲ್ಲೇ ಕೂತು ನೋಡೋಣ ಎಂದು ದಾರ, ಬಟ್ಟನ್ನೂ ಇಟ್ಟುಕೊಂಡೆ.

ಆ ಮನೆಯ ಪಕ್ಕದ ಖಾಲಿ ಸೈಟಿಗೆ ಆಳೆತ್ತರದ ತಗಡು ಹೊಡೆದಿದ್ದರು. ಒಳಗೆ ಯಾರೋ ದೊಡ್ಡ ಕಟ್ಟಡಕ್ಕೆ ಪಾಯ ತೆಗೆಸುತ್ತಿದ್ದರು. ವಾರವಿಡೀ ಯಂತ್ರದ ಸದ್ದು, ಭಾನುವಾರ ಮಾತ್ರ ಮೌನ. ಇಸ್ತ್ರಿ ತಾತ ಪೆಟ್ಟಿಗೆಗೆ ಕೆಂಡ ಹಾಕುತ್ತ, “ಮೇಲೆ ಹೋಗ್ತೀರಾ? ಬಾಗಿಲು ಬಿಗಿ. ಎತ್ತಿ ತಳ್ಳಿ,” ಎಂದ.

ಮೆಟ್ಟಿಲು ಹತ್ತಿ, ಎತ್ತಿ ತಳ್ಳಿದೆ. ಬಾಗಿಲು ನೆಲಕ್ಕೆ ಕೆರೆದುಕೊಂಡು ಅರ್ಧ ತೆರೆಯಿತು. ಮಾಸ್ಟರ ಹೆಂಡತಿ ಹೊರಬಂದರು. “ಬನ್ನಿ ಅಣ್ಣಾ. ನೀವಾದ್ರೂ ಹೇಳಿ ಅವರಿಗೆ. ಬೆಳಿಗ್ಗೆಯಿಂದ ಅಡುಗೆಮನೇಲಿ ಕೂತು ತರಕಾರಿ ಹೆಚ್ತಿದಾರೆ. ಎಲ್ಲ ಒಂದೇ ಅಳತೆಗೆ. ಮಧ್ಯೆ ಮಧ್ಯೆ ನಿಲ್ಲಿಸಿ ಕೈ ನೋಡ್ಕೋತಾರೆ.”

ಒಳಗಿನ ಕೋಣೆಯಿಂದ ಮಾಸ್ಟರ ತಾಯಿಯ ದನಿ ಬಂತು: “ಯಾರಪ್ಪಾ ಅದು? ಮಂಚದ ಕೆಳಗೆ ಇಡೋಕೆ ಏನಾದ್ರೂ ತಂದ್ಯಾ? ಮಲಗಿದ್ರೆ ಗೋಡೆ ಕಡೆಗೇ ಉರುಳ್ತೀನಿ.”

“ವಯಸ್ಸಾಯ್ತು, ತಲೆ ತಿರುಗತ್ತೆ,” ಎಂದು ಸೊಸೆ ಪಿಸುಗುಟ್ಟಿದರು. “ಮಂಚ ಎಳೀತಿದೆ ಅಂತಾರೆ.”

ನಾನು ನಕ್ಕೆ. ಆಗ ಕಿಟಕಿಯ ಪಕ್ಕದ ಮೂಲೆಗೆ ಕಣ್ಣು ಹೋಯಿತು. ಸೂರಿನಿಂದ ಗೋಡೆಗುಂಟ ಹಸಿರು ಬಳ್ಳಿಯೊಂದು ಇಳಿದುಬಂದಿತ್ತು. ಬಣ್ಣದಲ್ಲಿ ಬರೆದದ್ದು. ಒಂದೊಂದು ಎಲೆಗೂ ನರ, ನರದ ಪಕ್ಕ ನೆರಳು. ನಮ್ಮ ಮಾಸ್ಟರಿಗೆ ನೆಟ್ಟಗಿಲ್ಲದ್ದನ್ನೂ ಬರೆಯಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

“ಚೆನ್ನಾಗಿದೆಯಾ?” ಹೆಂಡತಿಯ ಮುಖ ಅರಳಿತು. “ಗೋಡೆ ಬಿರುಕು ಅಸಹ್ಯ ಕಾಣತ್ತೆ ಅಂತ ನಾನೇ ಗೊಣಗಿದ್ದೆ. ಬಿರುಕಿನ ಮೇಲೇ ಬಳ್ಳಿ ಬರೆದ್ರು. ಮೊದಲು ಇಷ್ಟೇ ಇಷ್ಟಿತ್ತು, ಸೂರಿನ ಹತ್ರ. ಈಗ ನೋಡಿ, ನನ್ನ ಸೊಂಟದವರೆಗೆ ಬಂದಿದೆ.”

“ಬಳ್ಳಿ ಯಾಕೆ ಇಳೀತಾ ಬಂತು?”

“ಬಿರುಕು ಇಳೀತಲ್ಲಾ. ಅದು ಇಳಿದ ಹಾಗೆ ಇವರು ಎಲೆ ಸೇರಿಸ್ತಾರೆ. ನೀರು ಹಾಕದೆ ಬೆಳೆಯೋ ಗಿಡ ನಮ್ಮನೇಲಿ ಮಾತ್ರ ಇರೋದು ಅಂತ ನಾವು ತಮಾಷೆ ಮಾಡ್ತೀವಿ.”

ಹತ್ತಿರ ಹೋಗಿ ಒಂದು ಎಲೆಯ ಮೇಲೆ ಬೆರಳಿಟ್ಟೆ. ಎಲೆಯ ನಡುನರ ಬಣ್ಣವಲ್ಲ, ಸಂದು. ನನ್ನ ಬೆರಳ ತುದಿ ಒಳಗೆ ಹೋಯಿತು. ಒಳಗಿನಿಂದ ತಣ್ಣನೆಯ ಗಾಳಿ ತಾಗಿತು, ಹಸಿಮಣ್ಣಿನ ವಾಸನೆಯ ಗಾಳಿ. ಮನೆಯೊಳಗೆ ಗೋಡೆಯ ಮೂಲಕ ಸೈಟಿನ ಗಾಳಿ ಬರುತ್ತಿತ್ತು.

ಜೇಬಿನಿಂದ ದಾರ ತೆಗೆದೆ. ಕಿಟಕಿಯ ಚೌಕಟ್ಟಿನ ಮೇಲ್ತುದಿಯಲ್ಲಿ ಪರದೆಯ ಮೊಳೆಯಿತ್ತು. ಅದಕ್ಕೆ ಕಟ್ಟಿ ಬಟ್ಟನ್ನು ಇಳಿಬಿಟ್ಟೆ. ದಾರ ಮರದ ಅಂಚಿಗೆ ಅಂಟಿಕೊಂಡು ಇಳಿಯಬೇಕಿತ್ತು. ಇಳಿಯಲಿಲ್ಲ. ಕೆಳಕ್ಕೆ ಬಂದಂತೆ ಅಂಚನ್ನು ಬಿಟ್ಟು, ತಗಡಿನ ಸೈಟಿನ ಕಡೆಗೆ ದೂರ ಸರಿಯಿತು. ಕೆಳತುದಿಯಲ್ಲಿ ಎರಡು ಬೆರಳು ಹಿಡಿಸುವಷ್ಟು ಸಂದು.

ಯಾವಾಗ ಬಂದರೋ, ಮಾಸ್ಟರು ನನ್ನ ಹಿಂದೆ ನಿಂತಿದ್ದರು. ಒಂದು ಕೈಯಲ್ಲಿ ಚಾಕು, ಒಂದು ಕೈಯಲ್ಲಿ ಅರ್ಧ ಮೂಲಂಗಿ. ದಾರ ನೋಡಿದರು. ಚೌಕಟ್ಟು ನೋಡಿದರು. ಬೀದಿಯಾಚೆ ನನ್ನ ಕಟ್ಟಡ ನೋಡಿದರು. ಮತ್ತೆ ದಾರ.

“ಕಟ್ಟಡ ಅಲ್ಲ,” ಎಂದರು. “ಸ್ಕೇಲೇ ಸೊಟ್ಟ!”

ಅವರ ಮುಖ ಬೆಳಗಿದ್ದನ್ನು ಏನೆಂದು ಹೇಳಲಿ. ಚಾಕು ಮೂಲಂಗಿ ಎರಡನ್ನೂ ಕಿಟಕಿಯ ಮೇಲಿಟ್ಟು ಹೆಂಡತಿಯ ಎರಡೂ ಭುಜ ಹಿಡಿದುಕೊಂಡರು. “ನನ್ನ ಕೈ ಸರಿಯಾಗಿದೆ ಕಣೇ! ಕೈಗೆ ಏನೂ ಆಗಿಲ್ಲ! ನಾನು ಕಂಡದ್ದನ್ನೇ ಬರೆದಿದ್ದೀನಿ! ಕಿಟಕಿ ವಾಲಿದೆ ಅಷ್ಟೇ!” ನಗುತ್ತಿದ್ದರು, ಕಣ್ಣಲ್ಲಿ ನೀರು. ಹೆಂಡತಿಯೂ ನಗತೊಡಗಿದರು. ನನ್ನ ಕಡೆಗೆ ತಿರುಗಿ, “ಕಿಟಕಿ ತಾನೇ ಅಣ್ಣಾ? ಬಡಗಿಯನ್ನ ಕರೆಸಿದ್ರಾಯ್ತು,” ಎಂದರು.

ನಾನು ಬಳ್ಳಿಯನ್ನೇ ನೋಡುತ್ತಿದ್ದೆ. ಮಾಸ್ಟರ ನಗು ನಡುವೆಯೇ ನಿಂತಿತು. ಅವರ ಕಣ್ಣು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಸೂರಿಗೆ, ಸೂರಿನಿಂದ ಬಳ್ಳಿಗೆ ಇಳಿಯಿತು. ತಾವೇ ಬರೆದ ಎಲೆಗಳನ್ನು ಮೇಲಿನಿಂದ ಒಂದೊಂದಾಗಿ ನೋಡುತ್ತ ಬಂದರು. ಕಿಟಕಿಯೊಂದೇ ವಾಲುವುದಿಲ್ಲ.

ಆಗ ಒಂದು ಸದ್ದು ಕೇಳಿಸಿತು. ಮೂಟೆಯ ತೂತಿನಿಂದ ಮರಳು ಸೋರುವಂಥ ಸಣ್ಣ ‘ಸುರ್’. ಗೋಡೆಯ ಒಳಗಿನಿಂದ.

“ಅಮ್ಮ,” ಎಂದರು ಮಾಸ್ಟರು.

ತಾಯಿ ಮಲಗಿದ್ದ ಕೋಣೆ ಸೈಟಿನ ಬದಿಗೇ ಇತ್ತು. ಮೂವರೂ ಒಳಗೆ ನುಗ್ಗಿದೆವು, ಆದರೆ ಕಾಲಿನ ಭಾರ ಹಾಕಲು ಹೆದರಿಕೆ. ತುದಿಗಾಲಲ್ಲಿ ನುಗ್ಗುವುದು ಹೇಗೆಂದು ಅವತ್ತು ಕಲಿತೆ. ಮುದುಕಿ ಗೋಡೆಗೆ ಆನಿಸಿದ ದಿಂಬಿನ ಮೇಲೆ ಒರಗಿದ್ದರು.

“ಅಮ್ಮಾ ಏಳು. ಕೆಳಗೆ ಹೋಗ್ಬೇಕು.”

“ಯಾಕೆ?”

“ಮನೆ ವಾಲಿದೆ.”

“ಅದನ್ನೇ ತಾನೇ ನಾನು ಮಳೆಗಾಲದಿಂದ ಬಡ್ಕೋತಿರೋದು? ಮಂಚ ಎಳೀತಿದೆ ಅಂದೆ. ವಯಸ್ಸಾಯ್ತು ಅಂದ್ರಿ. ಮಾತ್ರೆ ಕೊಟ್ರಿ. ನನ್ನ ಮಾತು ನೀವು ಕೇಳ್ಲಿಲ್ಲ, ಈಗ ನಿಮ್ಮ ಮಾತು ನಾನು ಕೇಳಲ್ಲ.” ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡರು.

“ಅತ್ತೆ, ಜಗಳ ಆಮೇಲೆ ಆಡೋಣ!”

“ಆಮೇಲೆ ಅಂದ್ರೆ ನಿಂಗೆ ಬಿಡುವು ಎಲ್ಲಿರತ್ತೆ?”

ಸೂರಿನಿಂದ ಸುಣ್ಣದ ಚಕ್ಕೆಯೊಂದು ಹೊದಿಕೆಯ ಮೇಲೆ ಬಿತ್ತು. ಎತ್ತಿಕೊಂಡು ಓಡೋಣವೆಂದರೆ ಮುದುಕಿ ಮಂಚದ ಸರಳನ್ನು ಬಿಗಿಯಾಗಿ ಹಿಡಿದಿದ್ದರು. ಮಾಸ್ಟರು ಮಂಚದ ಪಕ್ಕ ಕುಕ್ಕರಿಸಿದರು. “ಅಮ್ಮಾ,” ಎಂದರು, ಎಂಟು ವರ್ಷದ ಹುಡುಗನ ದನಿಯಲ್ಲಿ, “ನಂಗೆ ಭಯ ಆಗ್ತಿದೆ.”

ಮುದುಕಿ ಮಗನ ಮುಖ ನೋಡಿದರು. ಸರಳು ಬಿಟ್ಟರು. “ಹಾಗಂತ ಮೊದ್ಲೇ ಹೇಳೋದಲ್ವೇನೋ,” ಎಂದು ಕೈ ಚಾಚಿದರು.

ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು. ಮೆಟ್ಟಿಲು ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲವಿಲ್ಲ. ಮುಂದೆ ಮಾಸ್ಟರು ಹಿಮ್ಮುಖವಾಗಿ, ಹಿಂದೆ ನಾನು. ಮೆಟ್ಟಿಲ ಒಂದು ಬದಿ ಆ ಸೈಟಿನ ಕಡೆಯ ಗೋಡೆಯೇ. ಹೊರೆಗೆ ನನ್ನ ಭುಜ ಅದಕ್ಕೆ ಒರಗಿತು. ಒರಗಿದ ಕೂಡಲೇ ಹಾವು ತುಳಿದವನಂತೆ ಈಚೆ ಹಾರಿದೆ. ಕುರ್ಚಿ ವಾಲಿತು, ಮುದುಕಿ, “ಮನೆಗಿಂತ ನೀನೇ ಮೊದಲು ಬೀಳಿಸ್ತೀಯಪ್ಪಾ,” ಎಂದರು. ಗೋಡೆಯೊಳಗೆ ಆ ಸುರಿಯುವ ಸದ್ದು ನಮ್ಮ ಜೊತೆಯಲ್ಲೇ ಮೆಟ್ಟಿಲು ಇಳಿಯುತ್ತಿತ್ತು. ಮಾಸ್ಟರು ಒಂದೊಂದು ಮೆಟ್ಟಿಲಿಗೂ “ಮೆಲ್ಲಗೆ, ಮೆಲ್ಲಗೆ” ಎನ್ನುತ್ತಿದ್ದರು. ಹೇಳುತ್ತಿದ್ದುದು ನನಗಲ್ಲ, ಮನೆಗೆ.

ಕೆಳಗೆ ಇಸ್ತ್ರಿ ತಾತನದು ಬೇರೆ ರಾಮಾಯಣ. ಮನೆ ಬೀಳುತ್ತದೆ ಎಂದರೆ ನಂಬಿದ, ಆದರೆ ಹೊರಡಲೊಲ್ಲ. “ಈ ಶರಟು ಎಲ್ಲ ಮಂದಿದು! ನನ್ನ ತಲೆ ಮೇಲೆ ಮನೆ ಬೀಳ್ಲಿ, ಶರಟಿನ ಮೇಲೆ ಬೀಳ್ಬಾರ್ದು!” ಎಂದು ಗಂಟು ಕಟ್ಟತೊಡಗಿದ. ಮಾಸ್ಟರ ಹೆಂಡತಿ ಅವನ ಕೆಂಡದ ಪೆಟ್ಟಿಗೆಯನ್ನು ಹಿಡಿಕೆ ಹಿಡಿದು ಬೀದಿಗೆ ತಂದಿಟ್ಟು, “ಬಿಸಿ ಆರಿಹೋಗತ್ತೆ ತಾತ, ಬೇಗ ಬಾ!” ಎಂದು ಕೂಗಿದರು. ಅದಕ್ಕೆ ಓಡಿಬಂದ.

ಎಲ್ಲರೂ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತೆವು. ಅಗ್ನಿಶಾಮಕದವರು ಬಂದರು. ತಗಡು ಸರಿಸಿ ನೋಡಿದವರು ಎರಡು ಹೆಜ್ಜೆ ಹಿಂದೆ ಸರಿದರು. ಅವರು ಹಿಂದೆ ಸರಿದದ್ದೇ ನಮಗೆ ಸಾಕಾಯಿತು. ಸೈಟಿನಲ್ಲಿ ಅಗೆದ ಗುಂಡಿ ಈ ಮನೆಯ ಪಾಯದ ಅಡಿಯವರೆಗೂ ತಿಂದುಕೊಂಡು ಬಂದಿತ್ತಂತೆ. ಬೀದಿಗೆ ಹಗ್ಗ ಕಟ್ಟಿದರು. ಆಮೇಲೆ ಕಾಯುವುದು. ಬೀಳಲೆಂದು ಕಾಯುವುದೋ ಬೀಳದಿರಲೆಂದೋ ಯಾರಿಗೂ ತಿಳಿಯದು. ಎದುರಿನಿಂದ ನೋಡಿದರೆ ಈಗ ಆ ಮನೆ ಎಷ್ಟು ಸ್ಪಷ್ಟವಾಗಿ ವಾಲಿತ್ತೆಂದರೆ, ದಿನವೂ ಅದಕ್ಕೆ ಮುಖ ಮಾಡಿ ಕೂರುವ ನನಗೆ ಕಾಣದೇ ಹೋದದ್ದು ಹೇಗೆಂದು ಗೊತ್ತಾಗಲಿಲ್ಲ. ಆ ಮನೆ ಗಿರಾಕಿಯಾಗಿದ್ದರೆ ನೋಡುತ್ತಿದ್ದೆನೇನೋ.

ಬಿಸಿಲು ಇಳಿಯುವ ಹೊತ್ತಿಗೆ ಸೈಟಿನ ಬದಿಯ ಗೋಡೆ ಹೋಯಿತು. ದೊಡ್ಡ ಸದ್ದೇನೂ ಇಲ್ಲ. ಯಾರೋ ಬಹಳ ದಣಿದವರು ಕೂತಂತೆ ಕುಸಿದು ಗುಂಡಿಗೆ ಇಳಿಯಿತು. ಅದರ ಹಿಂದೆ ಸೂರು. ಧೂಳು ಬೀದಿಗೆಲ್ಲ ಬಂತು. ಧೂಳು ಇಳಿದಾಗ ಮುದುಕಿಯ ಮಂಚವಿದ್ದ ಕೋಣೆಯ ಜಾಗದಲ್ಲಿ ಆಕಾಶವಿತ್ತು. ಇಸ್ತ್ರಿ ತಾತ ಶರಟಿನ ಗಂಟನ್ನು ಅಪ್ಪಿಕೊಂಡು ಅಳುತ್ತಿದ್ದ. ಮಾಸ್ಟರ ಹೆಂಡತಿ ಅತ್ತೆಯ ಕಣ್ಣಿಗೆ ಸೆರಗು ಅಡ್ಡ ಹಿಡಿದಿದ್ದರು. ಅತ್ತೆ ಸೆರಗನ್ನು ಸರಿಸಿ ಸರಿಸಿ ನೋಡುತ್ತಿದ್ದರು.

ಮಾಸ್ಟರು ಕೂತಲ್ಲಿಂದ ಏಳಲಿಲ್ಲ. ನಾನು ಚಹಾ ತಂದುಕೊಟ್ಟೆ. ಲೋಟ ತಟ್ಟೆಯ ಮೇಲೆ ಕಟಕಟ ಸದ್ದು ಮಾಡಿತು. ಚಹಾ ಅಂಚು ದಾಟಿ ಅವರ ಮಣಿಕಟ್ಟಿನ ಮೇಲೆ ಹರಿಯಿತು. ಇಬ್ಬರೂ ನೋಡಿದೆವು. ಕೈ ನಡುಗುತ್ತಿತ್ತು.

ಅದು ಮರುದಿನವೂ ನಿಲ್ಲಲಿಲ್ಲ, ಆ ವಾರವೂ ನಿಲ್ಲಲಿಲ್ಲ. ನಮ್ಮ ಮೂರನೆಯ ಅಂತಸ್ತಿನ ಗೋದಾಮನ್ನು ಅವರಿಗೆ ಬಿಟ್ಟುಕೊಟ್ಟಿದ್ದೆ. ಕಾರ್ಖಾನೆಯ ಮಾಲೀಕರು ಕನಿಕರದಿಂದ, “ಸ್ವಲ್ಪ ದಿನ ಮನೇಲಿರಿ ಮಾಸ್ಟ್ರೇ,” ಎಂದರಂತೆ. “ಮನೆ ಎಲ್ಲಿದೆ ಸಾರ್?” ಎಂದು ಇವರು ಕೇಳಿದರಂತೆ. ಕೊನೆಗೆ ಅದೇ ಮೂಲೆಯ ಅದೇ ಕುರ್ಚಿಯಲ್ಲಿ ಕೂತು ಗುಂಡಿ ನೋಡಿ ಶರಟು ಮಡಚತೊಡಗಿದರು. ವೈದ್ಯರು ಪರೀಕ್ಷಿಸಿ, ಇದು ತಂದೆಯ ಕಾಯಿಲೆಯಲ್ಲ, ಹೆದರಿಕೆಯ ನಡುಕ, ತಾನಾಗೇ ಇಳಿಯುತ್ತದೆ ಎಂದರು. ಯಾವಾಗ ಎಂದು ಕೇಳಿದ್ದಕ್ಕೆ, “ನೀವು ಕೇಳೋದು ಬಿಟ್ಟಾಗ,” ಎಂದರಂತೆ. ಮಾಸ್ಟರು ಕೇಳುವುದು ಬಿಡುವ ಪೈಕಿಯಲ್ಲ. ಗೋದಾಮಿನಲ್ಲಿ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡುವುದು, ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚುವುದು. ಲಾರಿ ಹೋದರೆ ಎದ್ದು ನಿಲ್ಲುವುದು. ಅವರ ಸಹವಾಸದಿಂದ ನಾನೂ ಎದ್ದು ನಿಲ್ಲತೊಡಗಿದೆ. ಗಿರಾಕಿಗಳು ನನಗೆ ವಿನಯ ಬಂದಿದೆ ಎಂದುಕೊಂಡರು.

ಒಳಗೆ ಕೂರಲಾರದೆಯೇ ಅವರು ಭಾನುವಾರಗಳಲ್ಲಿ ಬೀದಿಗೆ ಇಳಿದದ್ದು. ಮೇಲೆ ಸೂರಿಲ್ಲದ ಜಾಗ ಬೇಕಿತ್ತು, ಅಷ್ಟೇ. ಸುಮ್ಮನೆ ಕೂತರೆ ದಾರಿಹೋಕರು ಏನಾಯ್ತು ಎಂದು ಕೇಳುತ್ತಾರೆ. ಕೇಳದಿರಲೆಂದು ಕೈಯಲ್ಲಿ ಕಾಗದ ಹಿಡಿದರು. ನಾನು ಬಣ್ಣ ಕೊಟ್ಟೆ. ಮೊದಲ ದಿನ ಕುಂಚ ಕಾಗದಕ್ಕೆ ತಾಗಿದ ಕೂಡಲೇ ನಡುಗಿ, ಎಳೆದ ಗೆರೆ ಎರೆಹುಳುವಿನ ಹಾಗೆ ಹೊರಳಿತು. ಹರಿದು ಹಾಕುತ್ತಾರೆ ಎಂದುಕೊಂಡೆ. ಅವರು ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಅವರು ಬರೆಯಲು ಹೊರಟದ್ದು, ಫುಟ್‌ಪಾತಿನಲ್ಲಿ ತಳ್ಳುಗಾಡಿ ಇಟ್ಟುಕೊಂಡಿದ್ದ ಇಸ್ತ್ರಿ ತಾತನ ಕೆಂಡದಿಂದ ಏಳುವ ಹೊಗೆ. ಹೊಗೆಗೆ ನೆಟ್ಟಗಿನ ಅಂಚು ಎಲ್ಲಿಂದ ಬರಬೇಕು?

ಅಲ್ಲಿಂದ ಅವರು ಕಟ್ಟಡಗಳ ತಂಟೆಗೆ ಹೋಗಿಲ್ಲ. ಹೊಗೆ, ಒಣಹಾಕಿದ ಬಟ್ಟೆ, ನಲ್ಲಿಯ ಕೆಳಗಿನ ನೀರು, ಮಲಗಿದ ನಾಯಿಯ ಹೊಟ್ಟೆ. ಬರೆಯುವ ಹೊತ್ತಿನಲ್ಲಿ ಲಾರಿ ಹೋದರೂ ಏಳುವುದಿಲ್ಲ. ಎದ್ದ ಮೇಲೆ ಹೆದರಿಕೆ ಮತ್ತೆ ಬಂದು ಹೆಗಲೇರುತ್ತದೆ, ಅದು ಬೇರೆ ಮಾತು. ಕಾರ್ಖಾನೆಯಲ್ಲಿ ಈಗ ಸೀಮೆಸುಣ್ಣದಿಂದ ಗುರುತು ಹಾಕುವ ಕೆಲಸಕ್ಕೆ ಬಂದಿದ್ದಾರೆ; ಕತ್ತರಿಸುವುದು ಕೈಕೆಳಗಿನವನು. ಹೋದ ವಾರ ಒಂದೇ ಪದರದ ಒಂದು ಕಾಲರನ್ನು ತಾವೇ ಕತ್ತರಿಸಿದರಂತೆ. ಸರಿಯಾಗಿ ಬಂತಂತೆ. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಬಾಗಿಲು ಹಾಕಿಕೊಂಡಿದ್ದರಂತೆ. ಇದನ್ನು ಅವರೇ ಹೇಳಿದರು, ನಾಚಿಕೆಯಿಲ್ಲದೆ.

ಈ ಭಾನುವಾರ ಇಸ್ತ್ರಿ ತಾತನನ್ನೇ ಬರೆಯುತ್ತಿದ್ದರು. ತಾತನಿಗೆ ಸುಮ್ಮನಿರಲು ಬಾರದು. ಶರಟು ಕೊಡವುತ್ತಾನೆ, ಕೆಮ್ಮುತ್ತಾನೆ, ಕಾಗದದಲ್ಲಿ ತನ್ನ ಮೂಗು ಎಲ್ಲಿಗೆ ಬಂತೆಂದು ಇಣುಕುತ್ತಾನೆ.

“ಅಲ್ಲಾಡ್ಬೇಡ ತಾತ,” ಎಂದರು ಮಾಸ್ಟರು.

“ನಾನೊಬ್ಬನೇ ಅಲ್ಲಾಡ್ತಿದೀನಾ? ನಿನ್ನ ಕೈ ನೋಡ್ಕೋ.”

ಮಾಸ್ಟರು ನೋಡಿಕೊಂಡರು. ಬಾಯಿಬಡುಕ ಮುದುಕ ಹೇಳಬಾರದ್ದು ಹೇಳಿದನಲ್ಲ ಎಂದುಕೊಂಡೆ. ಮಾಸ್ಟರು ಕುಂಚವನ್ನು ಲೋಟಕ್ಕೆ ಅದ್ದಿದರು.

“ಸರಿ,” ಎಂದರು. “ಇಬ್ರೂ ಅಲ್ಲಾಡೋಣ. ಆದ್ರೆ ಮೂಗು ಮಾತ್ರ ಒಂದ್ನಿಮಿಷ ನಿಲ್ಸು.”